ಹಾಲಮ್ಮನ ಸಾಕ್ಷಿ

ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವ ಹಾಲಮ್ಮ ಇನ್‌ಸ್ಪೆಕ್ಟರಿಗೆ ಬಿಟ್ಟಿ ಮಿರ್ಚಿ ಕೊಡುವುದನ್ನು ನಿಲ್ಲಿಸಿದಳು. ಮರುದಿನವೇ ಅವಳ ಮೇಲೆ ಗಾಂಜಾ ಮಾರಿದ ಕೇಸು ಬಿತ್ತು.

"ಈಕೆ ವರ್ಷದಿಂದ ಹಿಟ್ಟಿಗೆ ಗಾಂಜಾ ಕಲಸಿ ಊರಿಗೆಲ್ಲ ತಿನ್ನಿಸಿದ್ದಾಳೆ ಸ್ವಾಮಿ," ಎಂದು ಇನ್‌ಸ್ಪೆಕ್ಟರ್ ಕೋರ್ಟಿನಲ್ಲಿ ಮೀಸೆ ತಿರುವಿದ.

ಹಾಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹೌದೇನ್ರೀ? ವರ್ಷದಿಂದ ದಿನಾ ಮೊದಲ ತಟ್ಟೆ ತಿಂದೋರು ಇವರೇ ಸ್ವಾಮಿ! ಇಡೀ ಬಸ್‌ಸ್ಟ್ಯಾಂಡೇ ನೋಡೈತೆ. ಮೊದಲು ಇವರ ರಕ್ತ ಪರೀಕ್ಷೆ ಮಾಡಿಸ್ರಿ. ಖಾಕಿ ತೊಟ್ಟು ನಶೆ ಮಾಡಿದ್ದಕ್ಕೆ ಇವರ ಮೇಲೂ ಕೇಸು ಹಾಕ್ರಿ!"

ಜಡ್ಜು ಇನ್‌ಸ್ಪೆಕ್ಟರನತ್ತ ತಿರುಗಿದರು. ಅವನು ಬೆವತುಹೋದ.

"ಇಲ್ಲ ಸ್ವಾಮಿ! ಬರೀ ಕಡಲೆಹಿಟ್ಟು! ದೇವರಾಣೆಗೂ ಬರೀ ಕಡಲೆಹಿಟ್ಟು!"

"ನನ್ನ ಕಡೆ ಸಾಕ್ಷಿ ಮುಗೀತು ಸ್ವಾಮಿ," ಎಂದಳು ಹಾಲಮ್ಮ. "ತಿಂದ ಉಪ್ಪಿನ ಋಣ ಈಗ ತೀರಿಸಿದರು ನೋಡ್ರಿ!"