ಹುಳಿಯಾಗದ ಮೊಸರು

ಈ ಕತೆಯನ್ನು ನನಗೆ ಮೊದಲು ಹೇಳಿದವನು ಕೊಟ್ರೇಶ. ಅವನಿಗೆ ಹೇಳಿದವರು ವಾರಿಜಾಕ್ಷಿ ಮೇಡಂ. ಮೇಡಂಗೆ ಯಾರು ಹೇಳಿದರೋ ತಿಳಿಯದು. ಒಮ್ಮೆ ಕೇಳಿದ್ದಕ್ಕೆ, "ಕತೆಗೂ ಆಧಾರ್ ಕಾರ್ಡ್ ಬೇಕೇನೇ?" ಅಂದುಬಿಟ್ಟರು.

ಕೊಟ್ರೇಶ ಅವರ ಮುಂದಿಟ್ಟ ಪ್ರಶ್ನೆ ಇದು: "ಮೇಡಂ, ನಾನು ಬರೆದದ್ದನ್ನ ನಾನೇ ಅಳಿಸಿಹಾಕಿದರೆ ತಪ್ಪಾ?"

ಅವನು ಬರೆದದ್ದು ಕವಿತೆಯಲ್ಲ, ತಂತ್ರಾಂಶ. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು, ಕಣ್ಣು ಕಾಣದವರಿಗಾಗಿ. ಅದರ ಒಳಗಿನ ಕೋಡನ್ನು ಅವನು ಬಚ್ಚಿಡದೆ ಎಲ್ಲರಿಗೂ ತೆರೆದಿಟ್ಟಿದ್ದ. ಬಳಸಬಹುದು, ತಿದ್ದಬಹುದು, ಹಂಚಬಹುದು. ಮೊದಮೊದಲು ದಿನವೂ ಯಾರಾದರೂ ಅವನಿಗೆ ಬರೆಯುತ್ತಿದ್ದರು. "ಸರ್, ನಿಮ್ಮ ಯಂತ್ರ ಒತ್ತಕ್ಷರ ಬಂದಾಗೆಲ್ಲ ಕೆಮ್ಮುತ್ತೆ, ಶುಂಠಿ ಕಷಾಯ ಕೊಡಿ" ಎಂದು ಕಾಲೆಳೆಯುತ್ತಿದ್ದರು. ಅವನು ಕೂತು ತಿದ್ದುತ್ತಿದ್ದ.

ಆಮೇಲೆ ಒಂದು ದೊಡ್ಡ ಕಂಪನಿ ಅದನ್ನೇ ಎತ್ತಿಕೊಂಡು, ದನಿಯನ್ನು ನುಣುಪು ಮಾಡಿ, ಫೋನಿನೊಳಗೆ ಕೂರಿಸಿ ಮಾರಿತು. ಒಳಗೇನಿದೆ ಎಂದು ಯಾರೂ ನೋಡುವ ಹಾಗಿರಲಿಲ್ಲ. ಪತ್ರಿಕೆಯವರು ಅದನ್ನು ಕ್ರಾಂತಿ ಎಂದು ಬರೆದರು. ತಂತ್ರಜ್ಞಾನದ ಪುಟದಲ್ಲಿ ವಾರಕ್ಕೊಂದು ಕ್ರಾಂತಿ ಆಗುತ್ತದೆ, ಅದಿರಲಿ. ಜನ ಅತ್ತ ಹೋದರು. ಕೊಟ್ರೇಶ ರಜೆಯ ದಿನಗಳಲ್ಲಿ ಕೂತು ತಿದ್ದುವುದನ್ನು ಬಿಡಲಿಲ್ಲ. ಆದರೆ ಇಲ್ಲಿ ತಪ್ಪಿದೆ ಎಂದು ಹೇಳುವವರೂ ಉಳಿದಿರಲಿಲ್ಲ.

"ಬೈಯೋದಕ್ಕಾದರೂ ಒಬ್ಬರು ಬರೀಲಿ ಅನ್ನಿಸುತ್ತೆ ಮೇಡಂ," ಎಂದ. "ಅದು ನಂದು. ನಂದನ್ನ ನಾನು ತೆಗೀತೀನಿ. ಯಾರಿಗೇನು ನಷ್ಟ?"

ಮೇಡಂ ನಮಗೆಲ್ಲ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಪ್ರಶ್ನೆಗೆ ಅವರು ನೇರವಾಗಿ ಉತ್ತರ ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. "ಕೂತ್ಕೋ," ಎಂದರು. ಅವನು ಕೂತ. ಅವರು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳಿಗೆ ಒಂದು ಹಸು ಇತ್ತು. ಬೇರೆ ಯಾರೂ ಇರಲಿಲ್ಲ.

ಅವಳ ಮನೆಯ ಹೆಪ್ಪೇ ಊರಿಗೆಲ್ಲ ಹೆಪ್ಪು. ಯಾರ ಮನೆಯಲ್ಲಿ ಮೊಸರು ಕೆಟ್ಟರೂ, ಲೋಳೆಯಾದರೂ, ಒಂದು ಬಟ್ಟಲು ಹಿಡಿದು ಅವಳ ಬಾಗಿಲಿಗೆ ಬರುವರು. ಅವಳು ಒಂದು ಚಮಚ ಹಾಕಿ ಕೊಡುವಳು. ಬಂದವರು ಅಷ್ಟಕ್ಕೇ ಎದ್ದು ಹೋಗುವರೇ? ಕೂತು ಅತ್ತೆಯಾದವಳು ಸೊಸೆಯನ್ನು ಬೈಯುವಳು. ಮಾರನೆಯ ದಿನ ಸೊಸೆ ಬಂದು ಅತ್ತೆಯನ್ನು ಬೈಯುವಳು. ಮುದುಕಿ ಇಬ್ಬರಿಗೂ ಹೂಂಗುಟ್ಟುವಳು. ಕೊಟ್ಟ ಹೆಪ್ಪನ್ನು ಯಾರೂ ತಿರುಗಿ ತಂದುಕೊಟ್ಟವರಲ್ಲ. ತರಬೇಕೆಂದು ಅವಳೂ ಎಣಿಸಿದವಳಲ್ಲ. ಎಷ್ಟು ಜನಕ್ಕೆ ಕೊಟ್ಟರೂ ಮಾರನೆಯ ಬೆಳಿಗ್ಗೆ ಅವಳ ಗಡಿಗೆ ತುಂಬಿಯೇ ಇರುತ್ತಿತ್ತು.

ಒಂದು ಸಂಜೆ ಒಬ್ಬ ವ್ಯಾಪಾರಿ ಬಟ್ಟಲು ಹಿಡಿದು ಬಂದ. ಅವನಿಗೂ ಒಂದು ಚಮಚ ಹಾಕಿದಳು.

ವ್ಯಾಪಾರಿ ಅದರಿಂದ ಮೊಸರು ಮಾಡಿದ. ಗಡಿಗೆಗಳಲ್ಲಿ ತುಂಬಿ, ಬಂಡಿಯಲ್ಲಿಟ್ಟು ಮನೆಮನೆಗೆ ತಂದ. ಅವನ ಮೊಸರಿಗೆ ಒಂದು ಗುಣವಿತ್ತು. ಎಷ್ಟು ದಿನ ಇಟ್ಟರೂ ಹುಳಿಯಾಗುತ್ತಿರಲಿಲ್ಲ. ಕಟ್ಟಿದ ಮೊಸರನ್ನು ಅವನು ಮತ್ತೆ ಹದವಾಗಿ ಬಿಸಿ ಮಾಡಿ ಅದರ ಜೀವ ತೆಗೆದಿರುತ್ತಿದ್ದ. ಅದು ಕೋಣೆಯ ಬೀಗ ಹಾಕಿಕೊಂಡು ಮಾಡುವ ಕೆಲಸ. ಜನರಿಗೆ ಅದು ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅನ್ನಿಸಲೂ ಇಲ್ಲ. ಹಾಲು ಕಾಯಿಸುವ ಗೊಡವೆಯಿಲ್ಲ, ಬೆಕ್ಕು ಕಾಯುವ ಗೊಡವೆಯಿಲ್ಲ. ತಮ್ಮ ಹಾಲನ್ನು ಅವನಿಗೇ ಹಾಕಿ, ಅವನ ಮೊಸರನ್ನು ಕೊಂಡು ಉಂಡರು.

ಮುದುಕಿಯ ಬಾಗಿಲಿಗೆ ಬಟ್ಟಲುಗಳು ಬರುವುದು ನಿಂತಿತು. ಅವಳ ಮೇಲೆ ಯಾರಿಗೂ ಮುನಿಸಿರಲಿಲ್ಲ. ಎದುರಿಗೆ ಸಿಕ್ಕರೆ ನಗುತ್ತಿದ್ದರು. ಕೆಲಸವಿಲ್ಲದ ಬಾಗಿಲಿಗೆ ಯಾರು ಬರುತ್ತಾರೆ?

ಅವಳು ಹೆಪ್ಪು ಹಾಕುವುದನ್ನು ಬಿಡಲಿಲ್ಲ. ಬೆಳಿಗ್ಗೆ ತನಗೆ ಬೇಕಾದಷ್ಟು ಉಂಡು, ಒಂದು ಚಮಚ ಎತ್ತಿಟ್ಟುಕೊಂಡು, ಉಳಿದದ್ದನ್ನು ಹಸುವಿನ ಕಲಗಚ್ಚಿಗೆ ಸುರಿಯುವಳು. ಸಂಜೆ ಬಾಗಿಲು ತೆರೆದಿಟ್ಟು ಹೊಸಿಲ ಒಳಗೆ ಕೂರುವಳು. ಒಮ್ಮೆ ನೆರೆಯವಳು ಹಾದು ಹೋಗುತ್ತ ಕೇಳಿದಳು: "ಯಾರಿಗೆ ಅಂತ ಮಾಡ್ತೀಯಜ್ಜಿ ಇದನ್ನ? ನಿನ್ನ ಹಸು ಮೊಸರು ಕುಡಿದು ಕುಡಿದು, ನೋಡ್ತಿರು, ಇನ್ನು ಮಜ್ಜಿಗೇನೇ ಕರೀತದೆ."

ಮುದುಕಿ ನಕ್ಕಳು. ಆ ವಾರ ಅವಳೊಡನೆ ಯಾರಾದರೂ ಆಡಿದ ಮಾತು ಅದೊಂದೇ.

ಒಂದು ದಿನ ಅವಳಿಗೆ ಜ್ವರ ಬಂತು. ಎದ್ದು ಕೂರಲಾಗಲಿಲ್ಲ. ಕೊಟ್ಟಿಗೆಯಲ್ಲಿ ಹಸು ಕೂಗಿಕೊಂಡಿತು. ಪಕ್ಕದ ಮನೆಯವರು ಬಂದು, ಹುಲ್ಲು ಹಾಕಿ, ಹಾಲು ಕರೆದು, ಆ ಹಾಲನ್ನು ವ್ಯಾಪಾರಿಯ ಬಂಡಿಗೆ ಹಾಕಿದರು. ಹಸು ಸುಮ್ಮನಾಯಿತು. ಅವರು ಹೋದರು. ದಿನವೂ ಹಾಗೇ ಬಂದು ಹಾಗೇ ಹೋದರು. ಮನೆಯೊಳಗೆ ಇಣುಕಲಿಲ್ಲ. ಹಿಂದಿನ ಕಾಲವಾಗಿದ್ದರೆ ಮೊದಲ ಸಂಜೆಯೇ ಯಾರಾದರೂ ಬಟ್ಟಲು ಹಿಡಿದು ಬಂದು, ಅವಳು ಮಲಗಿರುವುದನ್ನು ಕಂಡು, ಗಂಜಿ ಕಾಯಿಸಿಕೊಡುತ್ತಿದ್ದರು.

ಜ್ವರ ಬಿಟ್ಟು ಅವಳು ಎದ್ದಾಗ, ಎತ್ತಿಟ್ಟಿದ್ದ ಹೆಪ್ಪಿನ ಮೇಲೆ ಹಸಿರು ಬೂಷ್ಟು ಕೂತಿತ್ತು.

ಮುದುಕಿ ಬಟ್ಟಲು ಹಿಡಿದು ಹೊರಗೆ ಹೊರಟಳು. ಹೆಪ್ಪು ಕೇಳಲು ಅವಳು ಹೊಸಿಲು ದಾಟಿದ್ದು ಅದೇ ಮೊದಲು. ಮೊದಲ ಮನೆಯವಳು, "ಚಮಚ ಯಾಕಜ್ಜಿ, ಗಡಿಗೇನೇ ತಗೊಂಡು ಹೋಗು," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆ ಮೊಸರನ್ನು ಮುದುಕಿ ಹಾಲಿಗೆ ಹಾಕಿದಳು. ಬೆಳಿಗ್ಗೆ ನೋಡಿದರೆ ಹಾಲು ಕೆಟ್ಟಿತ್ತು, ಕಟ್ಟಿರಲಿಲ್ಲ. ಇನ್ನೊಂದು ಮನೆಯಿಂದ ತಂದು ಹಾಕಿದಳು. ಅದೂ ಅದೇ ಬಂಡಿಯ ಮೊಸರು.

ಇಲ್ಲಿ ಕೊಟ್ರೇಶ ಬಾಯಿ ಹಾಕಿದನಂತೆ. "ಹಸಿಮೆಣಸಿನಕಾಯಿ ತೊಟ್ಟು ಹಾಕಿದ್ದರೆ ಆಗ್ತಿತ್ತಲ್ಲ ಮೇಡಂ? ನಮ್ಮವ್ವ ಹಾಕ್ತಾಳೆ."

"ಹಾಕಿದಳು. ಏನೋ ಒಂದು ಗಟ್ಟಿಯಾಯಿತು. ಹಸುವೂ ಮೂಸಲಿಲ್ಲ. ನಿಮ್ಮವ್ವನಿಗೆ ನನ್ನ ನಮಸ್ಕಾರ ಹೇಳು," ಎಂದು ಮೇಡಂ ಮುಂದುವರಿಸಿದರು.

ನೆರೆಯವಳು ಮುದುಕಿಗೆ ಬುದ್ಧಿ ಹೇಳಿದಳು. "ಈ ಹಟ ಯಾಕಜ್ಜಿ ನಿನಗೆ? ಮೊಸರು ಬೇಕಾದಷ್ಟು ಸಿಗುತ್ತಲ್ಲ."

"ಉಣ್ಣೋಕೆ ಸಿಗುತ್ತೆ ತಾಯಿ," ಎಂದಳು ಮುದುಕಿ, "ಕೊಡೋಕೆ ಸಿಗಲ್ಲ."

ಅವಳು ವ್ಯಾಪಾರಿಯ ಬಾಗಿಲಿಗೆ ಹೋದಳು.

"ನಿನ್ನ ಕೋಣೆಯೊಳಗೆ ಜೀವ ಇರೋ ಹೆಪ್ಪು ಇದ್ದೇ ಇರಬೇಕಲ್ಲಪ್ಪ. ಅದಿಲ್ಲದೆ ನಾಳೆಯ ಮೊಸರು ನಿನಗೂ ಇಲ್ಲ. ಒಂದು ಚಮಚ ಕೊಡು."

"ಮೊಸರು ಕೇಳಿ ಅಜ್ಜಮ್ಮ, ಈಗಲೇ ಕೊಡ್ತೀನಿ. ಹೆಪ್ಪು ಕೊಟ್ಟುಬಿಟ್ಟರೆ ನಾಳೆ ನನ್ನ ಬಂಡಿಗೆ ಯಾರು ಕಾಯ್ತಾರೆ?"

"ಅದು ನಾನು ಕೊಟ್ಟದ್ದಲ್ಲವಾ?"

"ಕೊಟ್ಟಿರಿ. ನಾನೇನು ಕದ್ದೆನಾ? ಕೊಡುವಾಗ ನೀವು ಏನಾದರೂ ಹೇಳಿದ್ದಿರಾ?"

ಮುದುಕಿ ಯೋಚಿಸಿದಳು. ಏನೂ ಹೇಳಿರಲಿಲ್ಲ. ಹೇಳಬೇಕೆಂದು ಅವಳಿಗೆ ತೋಚಿರಲೇ ಇಲ್ಲ. ಹೆಪ್ಪು ಇಸಿದುಕೊಂಡು ಇನ್ನೊಬ್ಬರಿಗೆ ಕೊಡದೆ ಇರುವವರು ಇರಬಹುದೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ತಿರುಗಿ ಬಂದಳು.

ಮಾರನೆಯ ಬೆಳಿಗ್ಗೆ ಹಸುವನ್ನು ನೆರೆಯವರಿಗೆ ಒಪ್ಪಿಸಿ, ಬಟ್ಟಲು ಹಿಡಿದು ಊರು ಬಿಟ್ಟಳು. ಬಂಡಿ ಹೋಗುವ ಊರುಗಳಲ್ಲೆಲ್ಲ ಬಂಡಿಯ ಮೊಸರೇ ಇತ್ತು. ಒಂದು ಮನೆಯಲ್ಲಿ ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿಯೊಬ್ಬಳು, "ಹೆಪ್ಪು ಅಂದರೇನಜ್ಜಿ? ಮೊಸರಿಗೆ ಬೇರೆ ಏನಾದರೂ ಹಾಕಬೇಕಾ?" ಎಂದು ಕೇಳಿದಳು. ಮುದುಕಿ ನೀರು ಕುಡಿದು ಮುಂದೆ ನಡೆದಳು. ಬಂಡಿಯ ಗಾಲಿಯ ಗುರುತು ಮುಗಿಯುವವರೆಗೂ ನಡೆದಳು. ಹೊಳೆ ದಾಟಿದಳು. ಅದರಾಚೆಗೆ ಬಂಡಿ ಹೋಗಲಾರದ ಕಲ್ಲು ದಾರಿ. ಆ ದಾರಿಯಲ್ಲಿ ಒಂದು ಊರು ಸಿಕ್ಕಿತು. ದೀಪ ಹಚ್ಚುವ ಹೊತ್ತಿಗೆ ಅವಳು ಆ ಊರಿನ ಒಂದು ಮನೆಯ ಮುಂದೆ ನಿಂತಳು.

ಮನೆಯಾಕೆ ಹೊರಗೆ ಬಂದಳು. ಇನ್ನೂ ಚಿಕ್ಕ ವಯಸ್ಸಿನವಳು.

"ಹೆಪ್ಪು ಬೇಕಿತ್ತಮ್ಮ. ಒಂದು ಚಮಚ."

"ಈಗ ತಾನೇ ದೀಪ ಹಚ್ಚಿದೆ ಅಜ್ಜಿ. ಇನ್ನು ಹಾಲು ಮೊಸರು ಹೊಸಿಲು ದಾಟಿಸೋ ಹಾಗಿಲ್ಲ. ನೀವು ಒಳಗೆ ಬಂದು ಉಂಡರೆ ಅದಕ್ಕೆ ದೋಷವಿಲ್ಲ. ಹೆಪ್ಪನ್ನ ಬೆಳಿಗ್ಗೆ ತಗೊಂಡು ಹೋಗೋರಂತೆ. ಬನ್ನಿ, ಬನ್ನಿ."

ಒಳಗೆ ಕರೆದು ಬಡಿಸಿದಳು. ಕೊನೆಗೆ ಅನ್ನಕ್ಕೆ ಮೊಸರು ಹಾಕಿದಳು. ಮುದುಕಿ ಒಂದು ತುತ್ತು ಬಾಯಿಗಿಟ್ಟಳು. ಕೈ ನಿಂತಿತು.

"ಹುಳಿಯಾಗಿದೆಯಾ ಅಜ್ಜಿ?"

"ಇಲ್ಲಮ್ಮ. ಎಷ್ಟಿರಬೇಕೋ ಅಷ್ಟಿದೆ."

ಹುಳಿ ಕೊಂಚ ಹೆಚ್ಚೇ ಇತ್ತು. ಅಲ್ಲಿಯ ಹುಲ್ಲು ಬೇರೆ, ನೀರು ಬೇರೆ. ಆದರೂ ಜೀವಮಾನವೆಲ್ಲ ಉಂಡ ರುಚಿ ಅವಳಿಗೆ ತಿಳಿಯದೇ? ಎಂದೋ ಅವಳ ಬಾಗಿಲಿನಿಂದ ಯಾರದೋ ಬಟ್ಟಲಲ್ಲಿ ಹೊರಟದ್ದು ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬಂದಿತ್ತು.

"ಎಲ್ಲಿಯದಮ್ಮ ಈ ಹೆಪ್ಪು?"

"ನಮ್ಮತ್ತೇದು. ಅವರು ಹೋಗಿಬಿಟ್ಟರು, ಹೆಪ್ಪು ಇದೆ. ಅವರಿಗೆ ತೌರಿನ ಕಡೆ ಯಾರೋ ಕೊಟ್ಟದ್ದಂತೆ. ಹೊಗಳಿಕೊಳ್ತಾಳೆ ಅನ್ಕೋಬೇಡಿ ಅಜ್ಜಿ, ಈ ಸೀಮೆಯಲ್ಲೇ ನಮ್ಮನೆ ಹೆಪ್ಪಿಗೆ ಸಾಟಿ ಇಲ್ಲ. ಹಾಲು ಮಾತ್ರ ಬೆರಳು ಸುಡಬಾರದು, ತೀರಾ ತಣ್ಣಗೂ ಇರಬಾರದು. ಹಾಕಿದ ಮೇಲೆ ಅಲುಗಿಸಬಾರದು. ನಿಮಗೆ ಹೆಪ್ಪು ಹಾಕೋಕೆ ಬರುತ್ತಾ?"

"ಹೇಳಿಕೊಡಮ್ಮ," ಎಂದಳು ಮುದುಕಿ.

ಆಕೆ ಹೇಳಿಕೊಟ್ಟಳು. ಬಹಳ ಹೊತ್ತು ಹೇಳಿಕೊಟ್ಟಳು. ನಡುನಡುವೆ ತೀರಿಹೋದ ಅತ್ತೆಯನ್ನೂ ಅಷ್ಟಿಷ್ಟು ಬೈದಳು. ಮುದುಕಿ ಹೂಂಗುಟ್ಟುತ್ತ ಕೂತಳು. ಯಾರಾದರೂ ಅವಳೆದುರು ಕೂತು ಅಷ್ಟು ಹೊತ್ತು ಮಾತಾಡಿ ವರ್ಷಗಳಾಗಿದ್ದವು. ಮಾತು ಮುಗಿಯದಿರಲಿ ಎಂದು ಅವಳು ತನಗೆ ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಕೇಳಿದಳು.

ಬೆಳಿಗ್ಗೆ ಮನೆಯಾಕೆ ಬಟ್ಟಲಿಗೆ ಒಂದು ಚಮಚ ಹಾಕಿದಳು. ಹಾಕಿದ ಮೇಲೂ ಬಟ್ಟಲಿನಿಂದ ಕೈ ತೆಗೆಯಲಿಲ್ಲ.

"ಒಂದು ಮಾತು ಅಜ್ಜಿ. ಇದನ್ನ ಯಾರು ಬಂದು ಕೇಳಿದರೂ ನೀವು ಕೊಡಬೇಕು. ನಿಮ್ಮ ಹತ್ತಿರ ಇಸ್ಕೊಂಡವರೂ ಕೇಳಿದವರಿಗೆ ಕೊಡಬೇಕು. ಹಾಗಂತ ಅವರಿಂದಲೂ ಮಾತು ತಗೊಂಡೇ ಕೊಡಿ. ಮಾತು ಕೊಡದವರಿಗೆ ಈ ಮನೆ ಹೆಪ್ಪು ಇಲ್ಲ. ನಮ್ಮತ್ತೆ ಬೇರೆ ಏನೇ ಇರಲಿ, ಇದನ್ನ ಹೇಳದೆ ಒಂದು ಚಮಚ ಹೊರಗೆ ಬಿಟ್ಟವರಲ್ಲ."

ಈ ಮಾತು ಮುದುಕಿಯ ಹೆಪ್ಪಿನೊಡನೆ ಬಂದದ್ದಲ್ಲ. ದಾರಿಯಲ್ಲಿ ಯಾರೋ ಸೇರಿಸಿದ್ದರು.

"ಆಗಲಮ್ಮ. ಮಾತು ಕೊಟ್ಟೆ," ಎಂದಳು. ಮನೆಯಾಕೆ ಕೈ ತೆಗೆದಳು. ಮುದುಕಿ ಬಟ್ಟಲಿಗೆ ಎಲೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ಬಂದ ದಾರಿಯಲ್ಲೇ ಹೊರಟಳು. ತಾನು ಯಾರೆಂದು ಹೇಳಲಿಲ್ಲ.

ಮೇಡಂ ಅಲ್ಲಿಗೆ ನಿಲ್ಲಿಸಿದರು. ಕೊಟ್ರೇಶನಿಗೆ ತಡೆಯಲಾಗಲಿಲ್ಲ.

"ಅಲ್ಲ ಮೇಡಂ, ಬಾಯಿಬಿಟ್ಟು ಒಂದು ಮಾತು ಹೇಳಬಾರದಾಗಿತ್ತಾ ಅವಳು? 'ಇದು ನನ್ನದೇ ಕಣಮ್ಮ' ಅಂತ? ಆ ಹೆಂಗಸು ಕಾಲಿಗೆ ಬೀಳ್ತಿದ್ದಳು!"

"ಅವಳ ಹೆಪ್ಪು ಜ್ವರದಲ್ಲೇ ಸತ್ತುಹೋಗಿತ್ತಲ್ಲಪ್ಪ, ಇದು ಉಳಿಸಿಕೊಂಡವರದ್ದು," ಎಂದರು ಮೇಡಂ.



ನಾನು ಕೇಳಿದ್ದು ಇಷ್ಟು. ಒಬ್ಬರೇ ಕೂತು ಎಲ್ಲರಿಗಾಗಿ ಏನನ್ನೋ ತಿದ್ದುತ್ತಿರುವವರು ನಿಮಗೆ ಗೊತ್ತಿದ್ದರೆ, ಇದನ್ನು ಅವರಿಗೆ ಹೇಳಿ. ಫೋನಿನಲ್ಲಿ ಕಳಿಸಬೇಡಿ, ಮನೆಗೇ ಹೋಗಿ ಹೇಳಿ ಬನ್ನಿ.