ಗೂಟಕ್ಕೆ ಕಟ್ಟಿದ ಇಲಿ

ಕಳೆದ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಇದು ನಡೆಯಿತು. ಹುಲ್ಲುಗಾವಲಿನಲ್ಲಿ ಛಾಯಾಗ್ರಾಹಕನೊಬ್ಬ ಬಿಳಿ ಇಲಿಯನ್ನು ದಾರದಿಂದ ಗೂಟಕ್ಕೆ ಕಟ್ಟಿದ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಗೂಟಕ್ಕೇ ಫೋಕಸ್ ಮಾಡಿ, ಪೊದೆಯ ಮರೆಯಲ್ಲಿ ಕುಳಿತ.

ಎದುರಿನ ಜಾಲಿಮರದಲ್ಲಿ ಪುಟ್ಟ ಹದ್ದೊಂದು ಮರಿಯೊಡನೆ ಕುಳಿತಿತ್ತು. ಮರಿಗೆ ಅಂದು ಬೇಟೆಯ ಮೊದಲ ಪಾಠ.

“ಹದ್ದಮ್ಮ, ಊಟ ಬಡಿಸಿದೆ, ಇಳಿದು ಬನ್ನಿ,” ಎಂದಿತು ಕ್ಯಾಮೆರಾ. “ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತೇನೆ. ನಿಮ್ಮ ಬೇಟೆಯನ್ನು ಊರೆಲ್ಲ ನೋಡಲಿ.”

“ಅಮ್ಮಾ, ಹಸಿವು,” ಎಂದಿತು ಮರಿ. “ಆ ಇಲಿ ಸುಲಭ.”

“ಅದು ಓಡುತ್ತಿಲ್ಲ ಮಗೂ. ಅದನ್ನು ಹಿಡಿದು ಕಲಿತರೆ, ಓಡುವ ಇಲಿಯ ಮುಂದೆ ನೀನು ಉಪವಾಸ.”

ಹದ್ದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ದೂರದ ಹುಲ್ಲಿಗೆ ಎರಗಿತು. ಕಾಲಿಗೆ ಸಿಕ್ಕಿದ್ದು ಬರೀ ಹುಲ್ಲು.

“ಬಡಿಸಿದ್ದನ್ನು ಬಿಟ್ಟು ಹುಲ್ಲು ತಿನ್ನುತ್ತೀರಾ?” ಕ್ಯಾಮೆರಾ ನಕ್ಕಿತು.

“ತಪ್ಪಿದ್ದು ನನ್ನ ಗುರಿ. ಅದನ್ನು ನಾನೇ ಸರಿಮಾಡಿಕೊಳ್ಳುತ್ತೇನೆ,” ಎಂದು ಹದ್ದು ಮತ್ತೆ ಮೇಲೇರಿತು.

ಈ ಸಲ ಮರಿಯೂ ಜೊತೆಗೆ ಹಾರಿತು. ಕ್ಯಾಮೆರಾದ ಬೆನ್ನ ಹಿಂದೆ ಕಾಡಿಲಿಯೊಂದು ಓಡಿತು. ತಾಯಿಗಿಂತ ಮೊದಲು ಮರಿಯೇ ಎರಗಿತು. ಇಲಿಯನ್ನು ಹಿಡಿದುಕೊಂಡೇ ಎದ್ದಿತು.

“ತಿರುಗಿಸಿ, ನನ್ನನ್ನು ತಿರುಗಿಸಿ!” ಎಂದು ಕ್ಯಾಮೆರಾ ಕೂಗಿತು. ಛಾಯಾಗ್ರಾಹಕ ಓಡಿಬಂದು ಸ್ಟ್ಯಾಂಡಿನ ತಿರುಪು ಸಡಿಲಿಸುವಷ್ಟರಲ್ಲಿ ಮರಿ ಮರ ಸೇರಿತ್ತು.

“ನೋಡಿದೆಯಾ ಅಮ್ಮಾ?”

“ನೋಡಿದೆ. ನಾನು ನೋಡಿದರೆ ಸಾಕು.”

ಸಂಜೆ ಕ್ಯಾಮೆರಾದಲ್ಲಿ ಬಿಳಿ ಇಲಿಯ ಚಿತ್ರಗಳು ನಾನೂರು ಇದ್ದವು. ಹದ್ದಿನವು ಸೊನ್ನೆ.