ಸೂಜವ್ವನ ಎರಡನೆಯ ಪ್ರಶ್ನೆ

ಬಿಸಿಲಿಗೆ ಬಿದಿರು ಚಟಪಟ ಎನ್ನುತ್ತಿದ್ದ ಒಂದು ಕಾಡಿನಲ್ಲಿ ದೊಡ್ಡ ಗುಹೆಯಿತ್ತು. ಒಳಗೆ ನಾಲ್ಕು ಹೆಜ್ಜೆ ಹೋದರೆ ದಾರಿ ಎರಡಾಗುತ್ತಿತ್ತು. ಎಡಕ್ಕೆ ತಣ್ಣನೆಯ ಒರತೆ, ಬಲಕ್ಕೆ ಪುಟ್ಟ ಕೋಣೆ. ಕಾಡ್ಗಿಚ್ಚಿಗೆ ಹೆದರಿದ ಗೌಜಲಕ್ಕಿ ಆ ಕೋಣೆಯಲ್ಲಿ ನಾಲ್ಕು ಮೊಟ್ಟೆ ಇಟ್ಟಿತ್ತು.

ಗುಹೆಯ ಬಾಗಿಲು ಕಾಯುತ್ತಿದ್ದವಳು ಸೂಜವ್ವ ಎಂಬ ಮುಳ್ಳುಹಂದಿ. ಅವಳಿಗೆ ಕಣ್ಣು ಮಂಜು. ಅದಕ್ಕೇ ಪ್ರಾಣಿಗಳು ಒಂದು ಗುಟ್ಟಿನ ಮಾತು ಮಾಡಿಕೊಂಡಿದ್ದವು. "ಹೊಂಗೆ ಹೂವು" ಎಂದವರಿಗೆ ಸೂಜವ್ವ ದಾರಿ ಬಿಡುತ್ತಿದ್ದಳು. ಎಲ್ಲರಿಗೂ ಅದೇ ಒಂದು ಮಾತು. ಅದನ್ನೂ ಅರ್ಧ ಹರದಾರಿ ದೂರದಿಂದಲೇ ಕೂಗಿಕೊಂಡು ಬರುತ್ತಿದ್ದವು. ಗುಟ್ಟು ಕಾಯುವ ಚೆಂದ ನೋಡಿ.

ಮೊಟ್ಟೆಗಳ್ಳ ಉಡವನ್ನು ಮಾತ್ರ ಗುಹೆಯೊಳಗೆ ಬಿಡುತ್ತಿರಲಿಲ್ಲ. ಅದು ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಆ ಮಾತನ್ನು ಕೇಳಿಸಿಕೊಂಡಿತು. ಮರುದಿನ ಮೆಲ್ಲಗೆ "ಹೊಂಗೆ ಹೂವು" ಎಂದಿತು. ಸೂಜವ್ವ ಸರಿದು ಕೂತಳು.

ಸಂಜೆ ಗೌಜಲಕ್ಕಿ ಓಡಿ ಬಂತು. "ಸೂಜವ್ವ, ನಾಲ್ಕಿದ್ವು, ಈಗ ಎರಡೇ ಇವೆ. ಯಾರನ್ನ ಬಿಟ್ಟೆ ಒಳಗೆ?"

ತಾನೇ ಕಳ್ಳನಿಗೆ ದಾರಿ ಬಿಟ್ಟೆನಲ್ಲ ಎಂದು ಸೂಜವ್ವ ಮರುಗಿದಳು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತರಗೆಲೆ ಸರಿದರೂ ಮುಳ್ಳು ನಿಮಿರುತ್ತಿತ್ತು. ಬಾಗಿಲಿಗೂ ಕೋಣೆಗೂ ಓಡಾಡಿ ಓಡಾಡಿ ಕಾಲು ಸೋತವು.

"ಮಾತು ಬದಲಾಯಿಸಿದ್ರಾಯ್ತು ಬಿಡು" ಎಂದ ಕಾಡಿನ ಹಿರಿಯ ಕರಡಿಯಜ್ಜ.

"ಅದನ್ನೂ ನಾಳೆ ಎಲ್ಲರೂ ಕೂಗ್ತಾರೆ ಅಜ್ಜ" ಎಂದಳು ಸೂಜವ್ವ. "ಇನ್ಮೇಲೆ ಒಬ್ಬೊಬ್ಬರಿಗೂ ಒಂದೊಂದು ಗುರುತು. ನೆಲ ತಟ್ಟಿ ನನಗೆ ಮಾತ್ರ ತಿಳಿಸಿ. ಯಾರು ಅಂತ ಕೇಳಿದ ಮೇಲೆ ಎಲ್ಲಿಗೆ ಅಂತಲೂ ಕೇಳ್ತೀನಿ. ನೀರು ಎಲ್ಲರದು. ಬಲಗಡೆ ಕೋಣೆಗೆ ಗೌಜಲಕ್ಕಿ ಮಾತ್ರ. ಅದು ಬೇರೆಯವರನ್ನ ಕರ್ಕೊಂಡು ಹೋಗ್ಬೇಕಾದ್ರೆ ತಾನೇ ಬಂದು ಹೇಳ್ಬೇಕು."

"ನನ್ನನ್ನೂ ತಡೀತೀಯಾ?" ಕರಡಿಯಜ್ಜನ ಮುಖ ಊದಿಕೊಂಡಿತು.

"ನೀವು ಮೊಟ್ಟೆ ಇಟ್ಟ ದಿನ ಬಿಡ್ತೀನಿ."

ಸೇರಿದ್ದ ಪ್ರಾಣಿಗಳೆಲ್ಲ ನಕ್ಕವು. ಅಜ್ಜನೂ ಗೊಣಗುತ್ತ ಒಪ್ಪಿದ. ಸೂಜವ್ವ ಬಾಗಿಲು ಬಿಟ್ಟು ಒಳಗೆ ದಾರಿ ಎರಡಾಗುವ ಕಡೆ ಬಂದು ಕೂತಳು.

ಇತ್ತ ಉಡಕ್ಕೆ ಮೊಟ್ಟೆಯ ರುಚಿ ಹತ್ತಿತ್ತು. ಅದು ಮೊಲದ ಬೆನ್ನು ಹತ್ತಿತು. "ಎಳೆ ಗರಿಕೆ ಇರೋ ಜಾಗ ತೋರಿಸ್ತೀನಿ. ನಿನ್ನ ಗುರುತೊಂದು ಹೇಳು. ಬಾಯಾರಿ ಸಾಯ್ತಿದೀನಿ ಕಣಪ್ಪ."

ಗರಿಕೆ ಎಂದರೆ ಮೊಲಕ್ಕೆ ಮೈಮರೆವು. "ಮೂರು ಸಲ ತಟ್ಟು, ತಡೆದು ಇನ್ನೊಂದು" ಎಂದುಬಿಟ್ಟಿತು.

ಉಡ ಗುಹೆ ಹೊಕ್ಕು ಹಾಗೇ ತಟ್ಟಿತು. ಸೂಜವ್ವ ಕಿವಿ ನಿಮಿರಿಸಿದಳು. ಮೊಲದ ಕಾಲು ಇಷ್ಟು ಭಾರವೇ? ಆದರೂ ಗುರುತು ಸರಿಯಿತ್ತು.

"ಎಲ್ಲಿಗಪ್ಪ?"

"ಬಲಕ್ಕೆ. ಮೊಟ್ಟೆ ನೋಡ್ಕೊಂಡು ಬಾ ಅಂತ ಗೌಜಲಕ್ಕಿ ಕಳಿಸಿದೆ."

"ಮೊಲಕ್ಕೆ ಅಲ್ಲೇನು ಕೆಲಸ? ಎಡಕ್ಕೆ ಹೋಗಿ ನೀರು ಕುಡಿ."

"ಒಂದೇ ಸಲ, ಸೂಜವ್ವ."

"ಅರ್ಧ ಸಲವೂ ಇಲ್ಲ."

ಉಡಕ್ಕೆ ತಾಳ್ಮೆ ತಪ್ಪಿತು. ಬಲಕ್ಕೆ ನುಗ್ಗಿತು. ಸೂಜವ್ವ ಗಿರ್ರನೆ ಬೆನ್ನು ತಿರುಗಿಸಿ ಮುಳ್ಳು ಕೆದರಿದಳು. ಇಕ್ಕಟ್ಟಾದ ದಾರಿ. ಉಡದ ಮೂತಿ ತುಂಬ ಮುಳ್ಳು ನೆಟ್ಟವು. ಅದು ಒದ್ದಾಡುತ್ತ ಬಂಡೆಯ ಬಿರುಕಿಗೆ ತೂರಿ ಬಿಗಿಯಾಗಿ ಕಚ್ಚಿಕೊಂಡಿತು. ಉಡದ ಪಟ್ಟು ಗಟ್ಟಿ ನಿಜ, ಆದರೆ ಮೂತಿ ಉರಿಯುವಾಗ ಅದೂ ಸಡಿಲವಾಗುತ್ತದೆ. ಕೂಗು ಕೇಳಿ ಬಂದ ಕರಡಿಯಜ್ಜ ಬಾಲ ಹಿಡಿದು ಎಳೆದು ಗುಡ್ಡದ ಆಚೆಗೆ ಎಸೆದ. ಅದು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮೊಲ ತಲೆ ತಗ್ಗಿಸಿಕೊಂಡು ಬಂದು ಹೊಸ ಗುರುತು ಕೇಳಿತು.

ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ಕೋಣೆಯೊಳಗಿಂದ ಸಣ್ಣಗೆ ಚಿಂವ್ ಚಿಂವ್ ಕೇಳಿಸಿತು. ಸೂಜವ್ವನ ಕಣ್ಣಲ್ಲಿ ನೀರು ಬಂತು. ಓಡಿ ಹೋಗಿ ಮುಟ್ಟಿ ನೋಡುವ ಆಸೆ. ಆದರೂ ಅವಳು ಕೋಣೆಯ ಬಾಗಿಲ ಹೊರಗೇ ನಿಂತು ಕೇಳಿದಳು.

"ಗೌಜಲಕ್ಕಿ, ನಾನು ಒಳಗೆ ಬರಬಹುದಾ?"

"ಬಾ ಸೂಜವ್ವ" ಎಂದಿತು ಗೌಜಲಕ್ಕಿ. "ಮುಳ್ಳು ಮಡಿಸಿಕೊಂಡು ಬಾ."

ನೀತಿ: ಬಂದವರು ಯಾರೆಂದು ತಿಳಿದರಷ್ಟೇ ಸಾಲದು, ಅವರಿಗೆ ಎಲ್ಲಿಯವರೆಗೆ ಬರುವ ಹಕ್ಕಿದೆ ಎಂದೂ ನೋಡಬೇಕು. ಆ ನಿಯಮ ಕಾವಲುಗಾರನಿಗೂ ಒಂದೇ.